ಮನೆಕೆಲಸದವರನ್ನು ಬಿಡಿಸಿ ‘ನಾವೇ’ ಮಾಡಿಕೊಳ್ಳುವುದೆಂದರೆ

ಪ್ರಶ್ನೆ: ಬೆಂಗಳೂರಿನ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ನಾನು, ನಮ್ಮ ಯಜಮಾನರು, ಏಳು ವರ್ಷದ ಮಗ ಮತ್ತು ಅತ್ತೆಯವರು ಇದ್ದೇವೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ನನ್ನ ಕೈಗೆ ಬರುವ ಸಂಬಳ 52,000 ರೂಪಾಯಿ. ವಾರದ ಐದು ದಿನ ಆಫೀಸಿನಲ್ಲಿ ಒಂಬತ್ತು ಗಂಟೆ, ಹೋಗಿ ಬರಲು ಎರಡು ಗಂಟೆ. ಪಾತ್ರೆ ತೊಳೆದು, ಕಸ ಗುಡಿಸಿ, ನೆಲ ಒರೆಸಲು ನಾಲ್ಕು ವರ್ಷದಿಂದ ಒಬ್ಬರು ಬರುತ್ತಿದ್ದಾರೆ. ದಿನಕ್ಕೆ ಒಂದೂಕಾಲು ಗಂಟೆ, ತಿಂಗಳಿಗೆ ಎರಡು ರಜೆ. ಸೇರಿದಾಗಿನಿಂದ 3,500 ರೂಪಾಯಿ ಕೊಡುತ್ತಿದ್ದೇವೆ, ಈಗ 4,500 ಮಾಡಿ ಎನ್ನುತ್ತಿದ್ದಾರೆ. ‘ಆ ದುಡ್ಡಿನಲ್ಲಿ ಕಂತಿನ ಮೇಲೆ ಡಿಶ್‌ವಾಷರ್ ಮತ್ತು ರೋಬೋ ವ್ಯಾಕ್ಯೂಮ್ ಬರುತ್ತದೆ, ಅವರನ್ನು ಬಿಡಿಸಿ ನಾವೇ ಮಾಡಿಕೊಳ್ಳೋಣ’ ಎಂಬುದು ಯಜಮಾನರ ವಾದ. ಅತ್ತೆಯವರಿಗೆ ಹೊರಗಿನವರು ತೊಳೆದ ಪಾತ್ರೆ ಮೊದಲಿನಿಂದಲೂ ಮನಸ್ಸಿಗೆ ಒಪ್ಪಿಲ್ಲ. ಕೆಲಸದವರು ಬಿಟ್ಟರೆ ಗತಿಯೇನು ಎಂಬ ದಿಗಿಲು ನನಗೆ. ಕೈಕಾಲು ಗಟ್ಟಿಯಿರುವಾಗ ನಮ್ಮ ಮುಸುರೆಯನ್ನು ಇನ್ನೊಬ್ಬರ ಕೈಯಲ್ಲಿ ತೊಳೆಸುವುದು ಸರಿಯೇ ಎಂಬ ಅಳುಕೂ ಇದೆ. ಏನು ಮಾಡಲಿ?

ಉತ್ತರ: ನೀವು ಅಂಕಿಗಳನ್ನು ಕೊಟ್ಟಿರುವುದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ. ತಿಂಗಳಿಗೆ 28 ದಿನ, ದಿನಕ್ಕೆ ಒಂದೂಕಾಲು ಗಂಟೆ ಎಂದರೆ 35 ಗಂಟೆಯಾಯಿತು. ಈಗ ನೀವು ಗಂಟೆಗೆ 100 ರೂಪಾಯಿ ಕೊಡುತ್ತಿದ್ದೀರಿ, ಅವರು ಕೇಳುತ್ತಿರುವುದು ಸುಮಾರು 129 ರೂಪಾಯಿ. ನಿಮ್ಮ ದುಡಿಮೆಯನ್ನು ಪ್ರಯಾಣದ ಹೊತ್ತೂ ಸೇರಿಸಿ ಲೆಕ್ಕ ಹಾಕಿದರೆ, ತಿಂಗಳಿಗೆ 22 ದಿನದಂತೆ 242 ಗಂಟೆ. ಗಂಟೆಗೆ ಸುಮಾರು 215 ರೂಪಾಯಿ. ಒಂದು ಗಂಟೆಯಲ್ಲಿ 215 ಗಳಿಸುವವರು 129 ಕೊಟ್ಟು ಆ ಗಂಟೆಯನ್ನು ಕೊಂಡುಕೊಳ್ಳುವುದು ಜಾಣತನ ಎಂದು ಹಣಕಾಸಿನ ಸಲಹೆಗಾರರು ಹೇಳಿ ಮುಗಿಸಿಬಿಡುತ್ತಾರೆ. ಗೃಹ ನಿರ್ವಹಣೆಯ ಪಾಠವನ್ನು ಇಪ್ಪತ್ತೆಂಟು ವರ್ಷ ಹೇಳಿದ ನನಗೆ ಈ ಲೆಕ್ಕದ ಮೇಲೆ ಪೂರ್ತಿ ನಂಬಿಕೆಯಿಲ್ಲ. ಏಕೆಂದರೆ ನಿಮ್ಮದು ತಿಂಗಳ ಸಂಬಳ. ಪಾತ್ರೆ ತೊಳೆಯದೆ ಉಳಿಸಿದ ಗಂಟೆಯನ್ನು ಯಾರೂ 215 ರೂಪಾಯಿಗೆ ಕೊಂಡುಕೊಳ್ಳುವುದಿಲ್ಲ. ಉಳಿದ ಆ ಹೊತ್ತು ನಿದ್ದೆಗೆ, ಮಗನ ಪಾಠಕ್ಕೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುವುದಕ್ಕೆ ಹೋಗುತ್ತದೆ. ಅದರ ಬೆಲೆಯನ್ನು ನಿಮ್ಮ ಸಂಬಳದಿಂದ ಭಾಗಾಕಾರ ಮಾಡಿ ತೆಗೆಯಲಾಗದು. ಬರೀ ದುಡ್ಡನ್ನೇ ನೋಡುವುದಾದರೆ ನಿಮ್ಮ ಯಜಮಾನರ ಮಾತಿನಲ್ಲಿ ತಪ್ಪಿಲ್ಲವೆಂದು ಒಪ್ಪಿಕೊಳ್ಳಬೇಕು. ಎರಡು ಯಂತ್ರಗಳಿಗೆ ಸೇರಿ ಅರವತ್ತು ಸಾವಿರ ಎಂದಿಟ್ಟುಕೊಂಡರೂ 4,500ರ ಲೆಕ್ಕದಲ್ಲಿ ಹದಿಮೂರು–ಹದಿನಾಲ್ಕು ತಿಂಗಳಲ್ಲಿ ಅಸಲು ಹುಟ್ಟುತ್ತದೆ.

ಆದರೆ ಅವರ ವಾಕ್ಯದಲ್ಲಿ ನನ್ನ ಕಣ್ಣು ನಿಂತದ್ದು ದುಡ್ಡಿನ ಮೇಲಲ್ಲ, ‘ನಾವೇ’ ಎಂಬ ಪದದ ಮೇಲೆ. ಕೆಲಸದವರನ್ನು ಬಿಡಿಸಿದ ಮನೆಗಳಲ್ಲಿ ಈ ‘ನಾವೇ’ ಎಂಬುದು ಮೊದಲ ಎರಡು ವಾರ ಬಹುವಚನವಾಗಿರುತ್ತದೆ, ಮೂರನೆಯ ವಾರದಿಂದ ಸದ್ದಿಲ್ಲದೆ ಏಕವಚನವಾಗುತ್ತದೆ. ಇದು ನನ್ನ ಕಲ್ಪನೆಯಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇದು 289 ಮತ್ತು 88 ಆಯಿತು. ಐದು ವರ್ಷಗಳಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ಇಳಿದದ್ದೇನೋ ನಿಜ, ಗಂಡಸರ ಪಾಲೂ ಒಂಬತ್ತು ನಿಮಿಷ ಇಳಿಯಿತು! 2021ರ ಜನವರಿಯಲ್ಲಿ ರಸ್ತೆ ಅಪಘಾತದ ಪರಿಹಾರದ ಮೊಕದ್ದಮೆಯೊಂದರಲ್ಲಿ, ತೀರಿಕೊಂಡ ಗೃಹಿಣಿಗೂ ಒಂದು ಆದಾಯವಿತ್ತೆಂದು ಪರಿಗಣಿಸಿಯೇ ಪರಿಹಾರ ನಿಗದಿ ಮಾಡಬೇಕೆಂದು ವಿವರಿಸುವಾಗ ಸುಪ್ರೀಂ ಕೋರ್ಟ್ ಹಿಡಿದದ್ದೂ ಈ 2019ರ ಅಂಕಿಗಳನ್ನೇ. ಮನೆಕೆಲಸಕ್ಕೆ ಬೆಲೆಯಿದೆ ಎಂಬುದು ಅಪಘಾತವಾದ ಮೇಲೆ ನ್ಯಾಯಾಲಯದಲ್ಲಿ ಗೊತ್ತಾಗುವ ಬದಲು ಮೊದಲೇ ಅಡುಗೆಮನೆಯಲ್ಲಿ ಗೊತ್ತಾದರೆ ಒಳ್ಳೆಯದು.

ಆದ್ದರಿಂದ ಕೆಲಸದವರು ಬೇಕೇ ಬೇಡವೇ ಎಂಬುದಕ್ಕಿಂತ ಮೊದಲು, ಅವರು ಬಾರದ ದಿನ ಯಾವ ಕೆಲಸ ಯಾರ ಕೈಗೆ ಬೀಳುತ್ತದೆ ಎಂಬುದನ್ನು ತಿಳಿಯಬೇಕು. ನನ್ನ ವಿದ್ಯಾರ್ಥಿನಿಯರಿಗೆ ನಾನು ಪ್ರತಿ ವರ್ಷ ಕೊಡುತ್ತಿದ್ದ ಅಭ್ಯಾಸವನ್ನೇ ನಿಮಗೂ ಕೊಡುತ್ತೇನೆ. ಒಂದು ಹಳೆಯ ನೋಟ್‌ಬುಕ್ಕನ್ನು ಫ್ರಿಜ್ಜಿನ ಮೇಲಿಡಿ. ಏಳು ದಿನ, ಯಾರೇ ಮನೆಯ ಯಾವುದೇ ಕೆಲಸ ಮಾಡಿದರೂ ಕೆಲಸ, ಆರಂಭದ ಹೊತ್ತು, ಮುಗಿದ ಹೊತ್ತು, ಮಾಡಿದವರು ಎಂದು ನಾಲ್ಕು ಕಲಂನಲ್ಲಿ ಬರೆಯಲಿ. ಸಾಧ್ಯವಾದರೆ ಕೆಲಸದವರು ಬಾರದ ಒಂದು ದಿನ ಆ ವಾರದಲ್ಲಿರಲಿ. ಬರೆಯುವಾಗ ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು: ಕೈಯಿಂದ ಮಾಡಿದ ಕೆಲಸದಂತೆ ತಲೆಯಿಂದ ಮಾಡಿದ್ದನ್ನೂ ಬರೆಯಬೇಕು. ವಿಮ್ ಮುಗಿಯುತ್ತ ಬಂದಿದೆ ಎಂದು ಗಮನಿಸಿದ್ದು, ನಾಳೆಯ ದೋಸೆಗೆ ಇವತ್ತು ಬೆಳಿಗ್ಗೆಯೇ ಅಕ್ಕಿ ಉದ್ದು ನೆನೆಹಾಕಬೇಕೆಂದು ನೆನಪಿಟ್ಟುಕೊಂಡದ್ದು, ಶನಿವಾರ ನೀರು ಬರುವುದಿಲ್ಲವೆಂದು ಗ್ರೂಪಿನಲ್ಲಿ ಓದಿ ಬಕೆಟ್ ತುಂಬಿಸಿಟ್ಟದ್ದು, ಕೆಲಸದವರಿಗೆ ಫೋನು ಮಾಡಿ ಬರುತ್ತೀರಾ ಎಂದು ಕೇಳಿದ್ದು. ವಾರದ ಕೊನೆಗೆ ಈ ಎರಡನೆಯ ಬಗೆಯ ಸಾಲುಗಳ ಮುಂದೆ ಬಹುಪಾಲು ಒಂದೇ ಹೆಸರು ಕಾಣುತ್ತದೆ. ಅದು ಯಾರದೆಂದು ನಾನು ಹೇಳಬೇಕಾಗಿಲ್ಲ.

ಈ ವಿಂಗಡಣೆಯಿಂದ ನಿಮ್ಮ ದಿಗಿಲಿಗೂ ಅರ್ಥ ಸಿಗುತ್ತದೆ. ಸಂಬಳ ಕೊಟ್ಟು ಬೇರೆಯವರಿಗೆ ವಹಿಸಬಹುದಾದದ್ದು ಕೈಕೆಲಸವನ್ನು ಮಾತ್ರ. ತಲೆಯ ಕೆಲಸವನ್ನು ಕೆಲಸದವರೂ ಹೊರುವುದಿಲ್ಲ, ಡಿಶ್‌ವಾಷರ್ ಕೂಡ ಹೊರುವುದಿಲ್ಲ. ಅದನ್ನು ಹಂಚಿಕೊಳ್ಳಬೇಕಾದವರು ಮನೆಯೊಳಗೇ ಇದ್ದಾರೆ. ಕೆಲಸದವರನ್ನಿಟ್ಟುಕೊಂಡೂ ದಣಿವು ಕಡಿಮೆಯಾಗಲಿಲ್ಲ ಎನ್ನುವವರ ದೂರಿನ ಮೂಲ ಬಹಳ ಸಲ ಇಲ್ಲಿರುತ್ತದೆ.

ಈಗ ಯಂತ್ರಗಳ ವಿಷಯ. ನಾನು ಯಂತ್ರದ ವಿರೋಧಿಯಲ್ಲ. ಬಟ್ಟೆ ಒಗೆಯುವ ಕಲ್ಲಿನಿಂದ ನನ್ನ ತಾಯಿಯ ತಲೆಮಾರನ್ನು ಬಿಡಿಸಿದ ವಾಷಿಂಗ್ ಮಷೀನಿಗೆ ಕೈಮುಗಿಯುತ್ತೇನೆ. ಡಿಶ್‌ವಾಷರ್ ತಟ್ಟೆ, ಲೋಟ, ಚಮಚ, ಸ್ಟೀಲ್ ಡಬ್ಬಿಗಳನ್ನು ಬಹಳ ಚೆನ್ನಾಗಿ ತೊಳೆಯುತ್ತದೆ, ಇಕೋ ಕ್ರಮದಲ್ಲಿ ಹತ್ತು ಲೀಟರ್ ಆಸುಪಾಸಿನ ನೀರಲ್ಲಿ ಮುಗಿಸುತ್ತದೆ. ನಲ್ಲಿ ಬಿಟ್ಟುಕೊಂಡು ತೊಳೆಯುವವರು ಅಷ್ಟು ನೀರನ್ನು ಲೋಟಗಳಿಗೇ ಖರ್ಚು ಮಾಡುತ್ತಾರೆ. ಆದರೆ ನಮ್ಮ ಅಡುಗೆಮನೆಯ ಮುಸುರೆ ತಟ್ಟೆ ಲೋಟಗಳಲ್ಲಿ ಮುಗಿಯುವುದಿಲ್ಲವಲ್ಲ. ಕಬ್ಬಿಣದ ಕಾವಲಿ, ಅಲ್ಯೂಮಿನಿಯಂ ಕುಕ್ಕರು, ಹಿತ್ತಾಳೆಯ ದೇವರ ಸಾಮಾನು ಯಂತ್ರಕ್ಕೆ ಹಾಕುವಂಥವಲ್ಲ; ತಳ ಹಿಡಿದ ಹಾಲಿನ ಪಾತ್ರೆ, ಒಗ್ಗರಣೆ ಕರಕಲಾದ ಸೌಟು ಒಂದು ಸಲ ಕೈಯಲ್ಲಿ ತಿಕ್ಕಿಸಿಕೊಳ್ಳದೆ ಬೆಳಗುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನ ಮನೆಯಾದರೆ ಯಂತ್ರಕ್ಕೆ ಅದರದೇ ಉಪ್ಪು ಹಾಕುತ್ತಿರಬೇಕು, ಇಲ್ಲದಿದ್ದರೆ ಗಾಜಿನ ಮೇಲೆ ಬಿಳಿಯ ಪೊರೆ ಕೂರುತ್ತದೆ. ನಿಮ್ಮದು ಬಾಡಿಗೆ ಮನೆ; ನೀರು ಬರುವ ಮತ್ತು ಹೋಗುವ ಪೈಪಿಗೆ ಜಾಗವಿದೆಯೇ, ಮಾಲೀಕರು ಒಪ್ಪುತ್ತಾರೆಯೇ ಎಂಬುದನ್ನು ಕಂತಿಗೆ ಸಹಿ ಮಾಡುವ ಮೊದಲು ನೋಡಿ. ರೋಬೋ ವ್ಯಾಕ್ಯೂಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಏಳು ವರ್ಷದ ಹುಡುಗನಿರುವ ಮನೆಯಲ್ಲಿ ಅದು ಓಡಾಡಬೇಕಾದರೆ ಯಾರಾದರೂ ಮೊದಲು ನೆಲದ ಮೇಲಿನ ಆಟಿಕೆ, ಕಾಲುಚೀಲ, ಚಾರ್ಜರ್ ವೈರುಗಳನ್ನು ಎತ್ತಬೇಕು. ಎತ್ತುವವರು ಯಾರು ಎಂಬಲ್ಲಿಗೆ ಮತ್ತೆ ನೋಟ್‌ಬುಕ್ಕಿಗೇ ಬಂದೆವು.

ಯಂತ್ರ ಕೊಳ್ಳುವ ಮೊದಲು ಕೆಲಸವನ್ನೇ ಸಣ್ಣದು ಮಾಡಬಹುದು ಎಂಬುದನ್ನು ನಮ್ಮ ಶಾಸ್ತ್ರದಲ್ಲಿ ಕೆಲಸದ ಸರಳೀಕರಣ ಎನ್ನುತ್ತಾರೆ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಇಟ್ಟಿಗೆ ಕಟ್ಟುವ ಗಾರೆಯವನ ಹದಿನೆಂಟು ಚಲನೆಗಳನ್ನು ಐದಕ್ಕೆ ಇಳಿಸಿದವರು; ಅವರ ಹೆಂಡತಿ ಲಿಲಿಯನ್ ಗಿಲ್‌ಬ್ರೆತ್ ಹನ್ನೆರಡು ಮಕ್ಕಳನ್ನು ಹೆತ್ತ ತಾಯಿ, ಇಂಜಿನಿಯರ್. ಅದೇ ಕಣ್ಣನ್ನು ಅವರು ಅಡುಗೆಮನೆಯತ್ತ ತಿರುಗಿಸಿದರು. ಒಮ್ಮೆ ನಾನೂ ನಮ್ಮ ಮನೆಗೆ ಬರುವವರ ಅನುಮತಿ ಕೇಳಿ, ಯುಟಿಲಿಟಿಯ ಬಾಗಿಲ ಬಳಿ ಮಣೆ ಹಾಕಿಕೊಂಡು ಗಡಿಯಾರ ಹಿಡಿದು ಕುಳಿತೆ. ಅವರು ನಗುತ್ತಲೇ ಕೆಲಸ ಶುರು ಮಾಡಿದರು. ರಾತ್ರಿಯ ಹಾಲಿನ ಪಾತ್ರೆಯ ತಳದಲ್ಲಿ ಕೆನೆ ಒಣಗಿ ಕಾಗದದಂತೆ ಅಂಟಿಕೊಂಡಿತ್ತು. ಅದೊಂದಕ್ಕೇ ಏಳು ನಿಮಿಷ ಹಿಡಿಯಿತು, ಮೊದಲು ಹಸಿರು ಸ್ಕ್ರಬ್ಬರು, ಆಮೇಲೆ ಸ್ಟೀಲ್ ನಾರು, ಕೊನೆಗೆ ಉಗುರು. ತಟ್ಟೆಗಳಿಗೆ ಅನ್ನದ ಅಗುಳು ಅಂಟಿದ್ದರಿಂದ ಪ್ರತಿಯೊಂದನ್ನೂ ಎರಡೆರಡು ಸಲ ತಿಕ್ಕಬೇಕಾಯಿತು. ತೊಳೆದ ಪಾತ್ರೆ ಬೋರಲು ಹಾಕುವ ಬುಟ್ಟಿ ಅಡುಗೆಮನೆಯ ಒಳಗಿದ್ದುದರಿಂದ ಹನ್ನೊಂದು ಸಲ ಎದ್ದು ಹೋಗಿ ಬಂದರು. ಮರುದಿನದಿಂದ ಉಂಡ ತಕ್ಷಣ ಎಲ್ಲರೂ ತಮ್ಮ ತಟ್ಟೆಯನ್ನು ನೀರು ಹಾಕಿ ಒಮ್ಮೆ ಜಾಲಾಡಿಸಿಡುವುದು, ಹಾಲಿನ ಪಾತ್ರೆಯಲ್ಲಿ ನೀರು ತುಂಬಿಸಿಡುವುದು, ಬುಟ್ಟಿಯನ್ನು ನಲ್ಲಿಯ ಪಕ್ಕಕ್ಕೆ ತರುವುದು ಎಂದು ಮೂರು ಬದಲಾವಣೆ ಮಾಡಿದೆವು. ಐವತ್ತು ನಿಮಿಷದ ಕೆಲಸ ಮೂವತ್ತೆರಡಕ್ಕೆ ಇಳಿಯಿತು. ಸಂಬಳ ಇಳಿಸಲಿಲ್ಲ, ಅವರು ಮುಂದಿನ ಮನೆಗೆ ಓಡುವ ಬದಲು ಕೂತು ಕಾಫಿ ಕುಡಿಯತೊಡಗಿದರು. ನಿಮ್ಮ ಮನೆಯಲ್ಲೂ ಇದನ್ನು ಮೊದಲು ಮಾಡಿ. ಯಾರು ತೊಳೆದರೂ ಲಾಭ ಅವರದೇ.

ನಿಮ್ಮ ಅಳುಕಿನ ಬಗ್ಗೆ ಒಂದು ಮಾತು ಬಿಚ್ಚಿ ಹೇಳುತ್ತೇನೆ. ಇನ್ನೊಬ್ಬರಿಂದ ಮುಸುರೆ ತೊಳೆಸುವುದರಲ್ಲಿ ತಪ್ಪಿಲ್ಲ, ಅಗಸರಿಂದ ಇಸ್ತ್ರಿ ಮಾಡಿಸುವುದರಲ್ಲಿ, ಹೋಟೆಲಿನಲ್ಲಿ ಉಣ್ಣುವುದರಲ್ಲಿ ಇಲ್ಲದ ತಪ್ಪು ಇದರಲ್ಲೇಕೆ ಬರಬೇಕು? ತಪ್ಪು ಇರುವುದು ಅದನ್ನು ಕೆಲಸವೆಂದು ಒಪ್ಪದೆ, ಉಪಕಾರವೆಂಬಂತೆ ನಡೆಸುವುದರಲ್ಲಿ. ಹಳೆಯ ಸೀರೆ, ಉಳಿದ ಸಾರು, ಹಬ್ಬದ ದಿನ ಎಲೆ ಅಡಿಕೆ ಕೊಟ್ಟು ‘ಮನೆಯವರ ಹಾಗೆ ನೋಡಿಕೊಂಡಿದ್ದೇವೆ’ ಎನ್ನುವವರು, ನಾಲ್ಕು ವರ್ಷ ಸಂಬಳ ಏರಿಸದಿರುವುದನ್ನು ಮರೆತಿರುತ್ತಾರೆ. ಕಟುವಾಗಿ ಕೇಳಿಸಿದರೆ ಕ್ಷಮಿಸಿ, ಆದರೆ ಲೆಕ್ಕ ನೋಡಿ: 3,500ರಿಂದ 4,500 ಎಂದರೆ ಒಮ್ಮೆಗೇ ಶೇ. 28ಕ್ಕಿಂತ ಹೆಚ್ಚು ಅನ್ನಿಸುತ್ತದೆ, ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಶೇ. 6.5ರಷ್ಟೇ. ಆ ನಾಲ್ಕು ವರ್ಷದಲ್ಲಿ ನಿಮ್ಮ ಮನೆ ಬಾಡಿಗೆ, ನಿಮ್ಮ ಸಂಬಳ ಎಷ್ಟು ಏರಿವೆ ಎಂದು ಪಕ್ಕದಲ್ಲಿ ಬರೆದು ನೋಡಿಕೊಳ್ಳಿ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಲ್ಲಿಯೇ ನಿಗದಿ ಮಾಡಿದ ರಾಜ್ಯ ನಮ್ಮದು. ಆ ಅಧಿಸೂಚನೆಯ ದರಗಳು ಕಾಲಕಾಲಕ್ಕೆ ಪರಿಷ್ಕಾರವಾಗುತ್ತವೆ, ಕಾರ್ಮಿಕ ಇಲಾಖೆಯಲ್ಲಿ ಈಗಿನದನ್ನು ಕೇಳಿ ತಿಳಿಯಬಹುದು. ಅದು ಕೆಳಗಿನ ಗೆರೆ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂಬುದಕ್ಕಷ್ಟೇ ಅಳತೆ.

ಅವರನ್ನು ಉಳಿಸಿಕೊಳ್ಳುವುದಾದರೆ ಬಾಯಿಮಾತಿನಲ್ಲಿ ಬಿಡದೆ, ಒಂದು ಹಾಳೆಯಲ್ಲಿ ಯಾವ ಕೆಲಸ, ಎಷ್ಟು ಹೊತ್ತು, ಯಾವ ತಾರೀಖಿಗೆ ಸಂಬಳ, ಎಷ್ಟು ರಜೆ, ಹಬ್ಬಕ್ಕೆ ಏನು, ಪ್ರತಿ ವರ್ಷ ಯಾವ ತಿಂಗಳಲ್ಲಿ ಎಷ್ಟು ಏರಿಕೆ ಎಂದು ಬರೆದು ಇಬ್ಬರೂ ಇಟ್ಟುಕೊಳ್ಳಿ. ಓದಲು ಬಾರದಿದ್ದರೆ ಅವರ ಮಗಳೋ ಮಗನೋ ಓದಿ ಹೇಳಲಿ. ನೆಂಟರು ಬಂದಾಗ ರಾಶಿ ಬೀಳುವ ಪಾತ್ರೆಗೆ ಬೇರೆ ದುಡ್ಡೆಂಬುದನ್ನೂ ಸೇರಿಸಿ. ಹೆಚ್ಚಿನ ಮನೆಗಳಲ್ಲಿ ಮನಸ್ತಾಪ ಶುರುವಾಗುವುದು ಅಲ್ಲಿಂದಲೇ. ಅವರಿಗೆ ಇನ್ನೂ ನಲವತ್ತು ದಾಟಿಲ್ಲವಾದರೆ, ಅಸಂಘಟಿತ ಕಾರ್ಮಿಕರಿಗಾಗಿ 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಪಿಂಚಣಿಗೆ ಸೇರಿಸಿ ಅವರ ಕಂತನ್ನು ನೀವೇ ಕಟ್ಟಬಹುದು. ಸೇರುವ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ, ಅಷ್ಟನ್ನೇ ಕೇಂದ್ರ ಸರ್ಕಾರವೂ ಹಾಕುತ್ತದೆ, ಅರವತ್ತಾದ ಮೇಲೆ ತಿಂಗಳಿಗೆ 3,000. ನಿಮಗೆ ಇದು ಎರಡು ಮಸಾಲೆ ದೋಸೆಯ ಖರ್ಚು. ಅವರು ಎಂದಾದರೂ ಬಾತ್‌ರೂಮನ್ನೂ ತೊಳೆಯುವಂತಾದರೆ ಕೈಗವಸು ಕೊಡಿ. ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರನ್ನೂ ಬ್ಲೀಚಿಂಗ್ ಪೌಡರನ್ನೂ ಯಾವ ಕಾರಣಕ್ಕೂ ಒಟ್ಟಿಗೆ ಬಳಸಬಾರದೆಂದು ತೋರಿಸಿ ಹೇಳಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಸಣ್ಣ ಬಾತ್‌ರೂಮಿನಲ್ಲಿ ಅದು ಉಸಿರು ಕಟ್ಟಿಸುತ್ತದೆ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ, ಒಪ್ಪಲೂ ಬೇಡಿ. ದೇವರ ಸಾಮಾನನ್ನು ತಾವೇ ಬೆಳಗುತ್ತೇನೆಂದರೆ ಅದು ಅವರ ನೇಮ, ಇರಲಿ. ಕೆಲಸದವರಿಗೆ ಬೇರೆ ಲೋಟ ಬೇರೆ ತಟ್ಟೆ ಎಂಬುದಾದರೆ ಅದು ನೇಮವಲ್ಲ, ಆ ಲೋಟವನ್ನು ತೆಗೆದುಬಿಡಿ. ಜೊತೆಗೆ ಇನ್ನೊಂದನ್ನು ಗಮನಿಸಿ: ಕೆಲಸದವರನ್ನು ಬಿಡಿಸಿದರೆ ನೀವಿಬ್ಬರೂ ಆಫೀಸಿನಲ್ಲಿರುವ ಹೊತ್ತಿನಲ್ಲಿ ಸಿಂಕಿನ ಮುಂದೆ ನಿಲ್ಲುವವರು ಆ ಹಿರಿಯರೇ. ನೀವು ಬೇಡವೆಂದರೂ ಅವರ ಕೈ ಸುಮ್ಮನಿರುವುದಿಲ್ಲ, ಮಂಡಿ ಸೊಂಟವೂ ಸುಮ್ಮನಿರುವುದಿಲ್ಲವೆಂದು ರಾತ್ರಿ ಹೇಳುತ್ತಾರೆ.

ಕೆಲಸದವರನ್ನು ಇಟ್ಟುಕೊಳ್ಳಲೇಬೇಕೆಂದು ನಾನು ಎಲ್ಲರಿಗೂ ಹೇಳುವುದಿಲ್ಲ. ಒಬ್ಬರೇ ಇರುವ ಸಣ್ಣ ಮನೆಗೆ, ಇಬ್ಬರೂ ಮನೆಯಲ್ಲಿದ್ದು ಕೈಕಾಲು ಆಡುವ ನಿವೃತ್ತ ದಂಪತಿಗೆ, ಅರ್ಧ ಗಂಟೆಯ ಗುಡಿಸಿ ಒರೆಸುವ ಕೆಲಸ ವ್ಯಾಯಾಮವೂ ಹೌದು. ಹಬ್ಬಕ್ಕೆ ಮುಂಚೆ ಒಮ್ಮೆ ಜೇಡರ ಬಲೆ ತೆಗೆಸಿ, ಚಿಮಣಿ ತೊಳೆಸಬೇಕೆಂದರೆ ಗಂಟೆಗಿಷ್ಟು ಎಂದು ಆ್ಯಪ್‌ನಲ್ಲಿ ಕರೆಸಿಕೊಂಡರೆ ಸಾಕು. ನ್ಯಾಯವಾದ ಸಂಬಳ ಕೊಡಲು ಕೈಲಾಗದವರು ಕಡಿಮೆ ದುಡ್ಡಿಗೆ ಯಾರನ್ನೋ ಹುಡುಕುವ ಬದಲು ಮನೆಯನ್ನು ದಿನ ಬಿಟ್ಟು ದಿನ ಒರೆಸುವುದೇ ಮೇಲು. ನೆಲ ಏನೂ ಅಂದುಕೊಳ್ಳುವುದಿಲ್ಲ.

ನಿಮ್ಮ ಮನೆಯ ಮಟ್ಟಿಗೆ ನನ್ನ ಸಲಹೆ ಹೀಗೆ. ಅವರನ್ನು ಬಿಡಿಸಬೇಡಿ, ಬರುವ ಒಂದನೇ ತಾರೀಖಿನಿಂದ 4,500 ಕೊಡಿ. ಯಜಮಾನರಿಗೆ ಡಿಶ್‌ವಾಷರ್ ಮೇಲೆ ಮನಸ್ಸಿದ್ದರೆ ಆರು ತಿಂಗಳು ಕಾಯಲು ಹೇಳಿ, ಅಷ್ಟರೊಳಗೆ ರಾತ್ರಿಯ ಅಡುಗೆಮನೆಯನ್ನು ಪೂರ್ತಿಯಾಗಿ ಅವರೇ ವಹಿಸಿಕೊಳ್ಳಲಿ: ಉಳಿದದ್ದನ್ನು ಡಬ್ಬಿಗೆ ಹಾಕುವುದು, ಕಟ್ಟೆ ಒರೆಸುವುದು, ಪಾತ್ರೆಗೆ ನೀರು ತುಂಬಿಸುವುದು, ಮರುದಿನದ ಸೋಪು ಸ್ಕ್ರಬ್ಬರು ಇದೆಯೇ ಎಂದು ನೋಡುವುದು. ಮುಖ್ಯವಾಗಿ, ನೀವು ನೆನಪಿಸಬಾರದು. ನೆನಪಿಸಿ ಮಾಡಿಸಿದರೆ ಕೆಲಸ ಅರ್ಧ ನಿಮ್ಮ ಬಳಿಯೇ ಉಳಿಯಿತು. ಆರು ತಿಂಗಳು ಆ ಅಡುಗೆಮನೆಯನ್ನು ನಡೆಸಿದ ಮೇಲೆ ಯಂತ್ರ ಬೇಕೋ ಬೇಡವೋ ಎಂದು ನಿಮಗಿಂತ ಚೆನ್ನಾಗಿ ಅವರೇ ಹೇಳಬಲ್ಲರು, ಕೊಂಡರೂ ಅದನ್ನು ತುಂಬುವವರು ಯಾರೆಂಬ ಪ್ರಶ್ನೆ ಏಳುವುದಿಲ್ಲ. ಮಗನಿಗೆ ತನ್ನ ತಟ್ಟೆ ಜಾಲಾಡಿಸುವುದು, ಆಟಿಕೆ ಎತ್ತುವುದು ಈ ವಾರವೇ ಶುರುವಾಗಲಿ.

ಕೆಲಸದವರ ಆ ಎರಡು ರಜೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿಸಿಕೊಳ್ಳಿ. ಒಂದು ದಿನದ ಪಾತ್ರೆ ನಿಮ್ಮದು, ಇನ್ನೊಂದು ದಿನದ್ದು ಯಜಮಾನರದು; ನೆಲ ಆ ದಿನ ಹಾಗೇ ಇರಲಿ. ಹೇಳದೆ ಬಾರದ ದಿನ ಬಂದರೆ ಯಾರು ತೊಳೆಯಬೇಕೆಂದು ಬೆಳಿಗ್ಗೆ ಏಳೂವರೆಗೆ, ಮಗನ ಶಾಲೆಯ ಬಸ್ಸಿನ ಗಡಿಬಿಡಿಯಲ್ಲಿ ತೀರ್ಮಾನಿಸಲು ಹೋಗಬೇಡಿ. ಅದನ್ನು ಈ ಭಾನುವಾರ ಮಧ್ಯಾಹ್ನವೇ, ಅತ್ತೆಯವರನ್ನೂ ಕೂರಿಸಿಕೊಂಡು, ಮಾತಾಡಿ ಇಟ್ಟುಕೊಳ್ಳಿ.